ಆನ್‌ಲೈನ್ ಎಂ.ಕಾಂ: ಶುಲ್ಕದ ಅರ್ಧ ಕಂಪನಿಗೆ ಹೋದರೆ ವಿವಿ ಕೈಗೆ ಬರುವುದೆಷ್ಟು?

ಕಡತದ_ಕಟ್ಟು

ರಾಜ್ಯ ವಿವಿಯೊಂದರ ಹಣಕಾಸು ಸಮಿತಿಗೆ ಬರಲಿರುವ ಪ್ರಸ್ತಾವದ ಬಗ್ಗೆ ತಿಳಿದವರ ಮಾತು ಬೇಕು. ಹೆಸರು ಬೇಡ, ಲೆಕ್ಕ ಸಾಕು.

ಆನ್‌ಲೈನ್ ಎಂ.ಕಾಂ, ನಾಲ್ಕು ಸೆಮಿಸ್ಟರ್, ಪ್ರತಿ ಸೆಮಿಸ್ಟರ್‌ಗೆ ಐದು ಪತ್ರಿಕೆ, ಶುಲ್ಕ ಸೆಮಿಸ್ಟರ್‌ಗೆ 15,000 ರೂ. ಮೊದಲ ತಂಡಕ್ಕೆ 600 ಪ್ರವೇಶದ ಅಂದಾಜು. ಪ್ರಚಾರ, ಕಲಿಕಾ ಪೋರ್ಟಲ್, ವಿಡಿಯೊ ಚಿತ್ರೀಕರಣ, ಸಹಾಯವಾಣಿ ಇವಿಷ್ಟನ್ನು ಖಾಸಗಿ ಕಂಪನಿಯೊಂದು ನೋಡಿಕೊಳ್ಳುತ್ತದೆ. ಅದಕ್ಕೆ ಒಟ್ಟು ಶುಲ್ಕದ ಶೇ 50 ಪಾಲು. ಪಾಠ, ಪರೀಕ್ಷೆ, ಮೌಲ್ಯಮಾಪನ ವಿವಿಯದು. ವಿವಿಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಮಂಡಳಿಯ ಅಂಕ 4ಕ್ಕೆ 3.28 ಇದೆ. ಟಿಪ್ಪಣಿಯ ಕೊನೆಯಲ್ಲಿ, ಈ ಆದಾಯದಿಂದ ಪಿಂಚಣಿ ಹಾಗೂ ಅತಿಥಿ ಉಪನ್ಯಾಸಕರ ವೇತನದ ಕೊರತೆ ನೀಗಿಸಬಹುದು ಎಂಬ ಒಂದು ಸಾಲಿದೆ.

ಈ ಸಾಲು ನಿಲ್ಲುತ್ತದೆಯೇ? ಯುಜಿಸಿ ಕಡೆಯಿಂದ ತೊಡಕಿದೆಯೇ? ಇದು ಪಾಲುದಾರಿಕೆ, ಖರೀದಿ ಅಲ್ಲ, ಆದ್ದರಿಂದ ಟೆಂಡರ್ ಬೇಡ ಎನ್ನುತ್ತಿದ್ದಾರೆ. ಅದು ಸರಿಯೇ?

ನಿಯಮಾವಳಿ_2020

ಮೊದಲು ಅರ್ಹತೆ ನೋಡೋಣ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಯುಜಿಸಿಯ ಮುಕ್ತ, ದೂರಶಿಕ್ಷಣ ಮತ್ತು ಆನ್‌ಲೈನ್ ನಿಯಮಾವಳಿಯ ಪ್ರಕಾರ ನ್ಯಾಕ್‌ನಲ್ಲಿ 3.01 ಇದ್ದರೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. 3.26 ಅಥವಾ ಹೆಚ್ಚಿದ್ದರೆ ಪೂರ್ವಾನುಮತಿಯೇ ಬೇಡ. ನಿಮ್ಮದು 3.28, ಅಂದರೆ ಎ ಪ್ಲಸ್‌ನ ಹೊಸ್ತಿಲಲ್ಲಿದೆ. ಆದರೆ ಆ ನ್ಯಾಕ್ ಮಾನ್ಯತೆಯ ಅವಧಿ ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಿ. ಮರುಮೌಲ್ಯಾಂಕನದಲ್ಲಿ ಒಂದು ಚೂರು ಜಾರಿದರೂ ಮುಂದಿನ ತಂಡಕ್ಕೆ ಅರ್ಜಿಯ ದಾರಿಯೇ ಗತಿ. ಬೋಧಕ ಹುದ್ದೆ ಖಾಲಿ ಬಿದ್ದಿರುವ ವಿವಿಗೆ ನ್ಯಾಕ್ ಅಂಕ ಜಾರುವುದು ಸುಲಭ. ಕಂಪನಿಗೆ ಐದು ವರ್ಷದ ಕರಾರು ಬರೆದುಕೊಟ್ಟು ಮಾನ್ಯತೆ ಎರಡು ವರ್ಷಕ್ಕೆ ಮುಗಿದರೆ ದಂಡ ಯಾರು ಕಟ್ಟಬೇಕು? ಕರಾರಿನಲ್ಲಿ ಆ ಷರತ್ತು ಇರಲೇಬೇಕು.

ಎಂ.ಕಾಂ ರೆಗ್ಯುಲರ್ ಆಗಿ ನಡೆದು ಕನಿಷ್ಠ ಒಂದು ತಂಡ ಹೊರಬಂದಿರಬೇಕು. ಅದು ನಿಮ್ಮಲ್ಲಿ ಇದ್ದೇ ಇರುತ್ತದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಮುಂತಾದವು ಮೊದಲಿಂದಲೂ ನಿಷಿದ್ಧ ಪಟ್ಟಿಯಲ್ಲಿವೆ. 2025ರಲ್ಲಿ ಮನಶ್ಶಾಸ್ತ್ರ, ಪೌಷ್ಟಿಕತೆಯಂಥ ಆರೋಗ್ಯಕ್ಕೆ ಅಂಟಿದ ವಿಷಯಗಳನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ವಾಣಿಜ್ಯಕ್ಕೆ ಆ ತಲೆನೋವಿಲ್ಲ.

ನಿಜವಾದ ತೊಡಕು ಫ್ರಾಂಚೈಸಿ, ಅಂದರೆ ವಿವಿಯ ಹೆಸರಿನಲ್ಲಿ ಬೇರೆಯವರು ಕೋರ್ಸ್ ನಡೆಸುವುದು. ಎಡ್‌ಟೆಕ್ ಕಂಪನಿಗಳ ಜೊತೆ ಫ್ರಾಂಚೈಸಿ ಮಾದರಿಯಲ್ಲಿ ಪದವಿ ಕೊಡುವಂತಿಲ್ಲ ಎಂದು ಯುಜಿಸಿ 2022ರಲ್ಲಿ ಎಚ್ಚರಿಸಿದೆ. ಪೋರ್ಟಲ್, ಚಿತ್ರೀಕರಣದಂಥ ತಾಂತ್ರಿಕ ನೆರವು ಸರಿ. ಪ್ರವೇಶ ನಿರ್ಧಾರ, ಪಾಠ, ಪರೀಕ್ಷೆ, ಪದವಿ ಇವು ವಿವಿಯ ಕೈ ಬಿಡಬಾರದು. ಹಾಗಾಗಿ ಒಡಂಬಡಿಕೆಯಲ್ಲಿ "ಪ್ರವೇಶಾತಿ ನಿರ್ವಹಣೆ" ಎಂಬ ಪದ ಕಂಡರೆ ಅದನ್ನು ಹೊಡೆದು "ಪ್ರಚಾರ ಮತ್ತು ವಿಚಾರಣೆಗೆ ಉತ್ತರ" ಅಂತ ಬರೆಸಿ. ಶುಲ್ಕ ನೇರವಾಗಿ ವಿವಿ ಖಾತೆಗೇ ಬರಬೇಕು. ಕಂಪನಿಯ ಪೇಮೆಂಟ್ ಗೇಟ್‌ವೇ ಮೂಲಕ ಬಂದು ಪಾಲು ಕತ್ತರಿಸಿ ಉಳಿದದ್ದು ವಿವಿಗೆ ಎಂಬ ಏರ್ಪಾಡಿಗೆ ಒಪ್ಪಲೇಬೇಡಿ.

ಕರ್ನಾಟಕದಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ. ಮೈಸೂರು ವಿವಿಯ ಅಂಚೆ ಮತ್ತು ತೆರಪಿನ ಶಿಕ್ಷಣ 1969ರಲ್ಲಿ ಶುರುವಾಗಿ, 1996ರಲ್ಲಿ ಮುಕ್ತ ವಿವಿಯಾಗಿ ಬೇರೆಯಾಯಿತು. ಹೊರರಾಜ್ಯದ ಸಹಯೋಗಿ ಸಂಸ್ಥೆಗಳ ವಿಚಾರದಲ್ಲಿ ಸಿಕ್ಕಿಕೊಂಡು 2012-13ರ ನಂತರ ಅದರ ಮಾನ್ಯತೆ ನಿಂತದ್ದು ಮರಳಿ ಸಿಕ್ಕಿದ್ದು 2018-19ಕ್ಕೆ. ಆನ್‌ಲೈನ್‌ಗೆ ಭೌಗೋಳಿಕ ಗಡಿ ಇಲ್ಲ ನಿಜ. ಆದರೆ ಮಧ್ಯವರ್ತಿಯ ಕೈಗೆ ಪ್ರವೇಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ಟೆಂಡರ್ ವಿಷಯ: ಹೆಸರು ಪಾಲುದಾರಿಕೆ ಇರಬಹುದು, ಹಣ ಕೊಟ್ಟು ಸೇವೆ ಪಡೆಯುವುದು ಖರೀದಿಯೇ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ 1999ರ ಕೆಟಿಪಿಪಿ ಕಾಯ್ದೆಯಿಂದ ಹೊರಗಿರಬೇಕಾದರೆ 4(ಜಿ) ವಿನಾಯಿತಿಗೆ ಸರ್ಕಾರದ ಅಧಿಸೂಚನೆ ಬೇಕು, ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ನಿರ್ಣಯ ಸಾಲದು. ಇಲ್ಲವಾದರೆ ಮೂರನೇ ವರ್ಷ ಆಡಿಟ್‌ನವರು ಬರೆಯುವ ಪ್ಯಾರಾ ಏನೆಂದು ಈಗಲೇ ಊಹಿಸಬಹುದು.

ಲೆಕ್ಕದ_ಪುಸ್ತಕ

ಮೇಲಿನವರು ನಿಯಮ ಹೇಳಿದ್ದಾರೆ, ನಾನು ರೂಪಾಯಿಗೆ ಬರುತ್ತೇನೆ. ಶುಲ್ಕ, ಪಾಲು ನೀವು ಕೊಟ್ಟಿದ್ದು. ಉಳಿದ ದರಗಳು ನಾನು ಇಟ್ಟುಕೊಂಡ ಅಂದಾಜು, ನಿಮ್ಮ ದರ ಹಾಕಿ ತಿದ್ದಿಕೊಳ್ಳಿ.

ಟಿಪ್ಪಣಿ ಬರೆದವರು 600ನ್ನು ನಾಲ್ಕು ಸೆಮಿಸ್ಟರ್‌ಗೆ ಗುಣಿಸಿ 3.6 ಕೋಟಿ ಅಂದಿರುತ್ತಾರೆ. ಹಾಗೆ ಆಗುವುದಿಲ್ಲ. 600 ಸೇರಿದರೆ ಎರಡನೇ ಸೆಮಿಸ್ಟರ್‌ಗೆ 480, ಮೂರಕ್ಕೆ 420, ನಾಲ್ಕಕ್ಕೆ 390 ಅಂತ ಇಟ್ಟುಕೊಳ್ಳಿ. ಆಗ ಬರುವುದು 1,890 ಸೆಮಿಸ್ಟರ್ ಶುಲ್ಕ, 2.835 ಕೋಟಿ. ಅದರಲ್ಲಿ ಅರ್ಧ ಕಂಪನಿಗೆ, 1.4175 ಕೋಟಿ.

ಎಲ್ಲರೂ ಎಡವುವುದು ಮುಂದಿನ ಮೆಟ್ಟಿಲಲ್ಲಿ. ವಿದ್ಯಾರ್ಥಿಯಿಂದ ವಿವಿ ಪಡೆಯುವ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಕಂಪನಿ ವಿವಿಗೆ ಕೊಡುವ ಪ್ರಚಾರ, ಪೋರ್ಟಲ್ ಸೇವೆಗೆ ಇಲ್ಲ, ಅದಕ್ಕೆ ಶೇ 18. ಪ್ರವೇಶಾತಿ ಮತ್ತು ಪರೀಕ್ಷೆಗೆ ಸಂಬಂಧಿಸಿದ ಸೇವೆಗೆ ವಿನಾಯಿತಿ ಉಂಟು. ಆದರೆ ಪ್ರಚಾರವನ್ನು ಪ್ರವೇಶಾತಿ ಸೇವೆ ಎಂದು ಬಿಲ್ ಮಾಡಿಸಿ ತೆರಿಗೆ ಉಳಿಸಲು ಹೋದರೆ ಮೇಲೆ ಹೇಳಿದ ಫ್ರಾಂಚೈಸಿ ಬಲೆಗೆ ನೀವೇ ಕಾಲಿಟ್ಟಂತೆ. ವಿವಿಯ ಶುಲ್ಕಕ್ಕೆ ತೆರಿಗೆ ಇಲ್ಲವಾದ್ದರಿಂದ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಕ್ರೆಡಿಟ್ (ಇನ್‌ಪುಟ್ ಕ್ರೆಡಿಟ್) ಆಗಿ ವಾಪಸ್ ಪಡೆಯಲಾಗದು, ಪೂರ್ತಿ ಖರ್ಚೇ. 1.4175 ಕೋಟಿಗೆ ಶೇ 18 ಎಂದರೆ 25.5 ಲಕ್ಷ. ಕರಾರಿನಲ್ಲಿ "ಶೇ 50, ತೆರಿಗೆ ಸೇರಿ" ಎಂದಿದೆಯೋ "ಶೇ 50, ತೆರಿಗೆ ಪ್ರತ್ಯೇಕ" ಎಂದಿದೆಯೋ ನೋಡಿ. ಆ ಒಂದು ಪದದ ಬೆಲೆ 25.5 ಲಕ್ಷ.

ತೆರಿಗೆ ಪ್ರತ್ಯೇಕ ಎಂದಾದರೆ ವಿವಿ ಬಳಿ ಉಳಿಯುವುದು 1.162 ಕೋಟಿ, ಎರಡು ವರ್ಷಕ್ಕೆ. ಇನ್ನು ಖರ್ಚು. ನಿಯಮದ ಪ್ರಕಾರ 250 ವಿದ್ಯಾರ್ಥಿಗಳಿಗೆ ಒಬ್ಬ ಕೋರ್ಸ್ ಮೆಂಟರ್ (ಮಾರ್ಗದರ್ಶಕ) ಬೇಕು, ಅದೂ ಪ್ರತಿ ಪತ್ರಿಕೆಗೆ. ಐದು ಪತ್ರಿಕೆಗೆ ಮೊದಲ ಸೆಮಿಸ್ಟರ್‌ನಲ್ಲಿ 15 ಮಂದಿ, ಆಮೇಲೆ ಹತ್ತತ್ತು, ಒಟ್ಟು 45 ನೇಮಕ. ಸೆಮಿಸ್ಟರ್‌ಗೆ 60,000 ಕೊಟ್ಟರೆ 27 ಲಕ್ಷ. 20 ಪತ್ರಿಕೆಗಳ ಪಠ್ಯ ಬರೆದು ಪಾಠ ಮಾಡುವ ಅಧ್ಯಾಪಕರ ಸಂಭಾವನೆ ಪತ್ರಿಕೆಗೆ 80,000ದಂತೆ 16 ಲಕ್ಷ. ಮೇಲ್ವಿಚಾರಣೆ, ಮೌಲ್ಯಮಾಪನ ಸೇರಿ ಪತ್ರಿಕೆಯೊಂದಕ್ಕೆ ತಲಾ 250 ರೂ. ಹಿಡಿದರೆ ಪರೀಕ್ಷೆಗೆ 23.6 ಲಕ್ಷ. ಆನ್‌ಲೈನ್ ಕೇಂದ್ರದ ನಿರ್ದೇಶಕರ ಕಚೇರಿ, ಸಿಬ್ಬಂದಿ, ಎರಡು ವರ್ಷಕ್ಕೆ 24 ಲಕ್ಷ. ಎಲ್ಲ ಕಳೆದು 25.6 ಲಕ್ಷ ಉಳಿಯಿತು. ವರ್ಷಕ್ಕೆ ಹದಿಮೂರೂ ಆಗಲಿಲ್ಲ.

ಈಗ ಕಂಪನಿ ಇಲ್ಲದೆ, ಅರ್ಧ ಪ್ರವೇಶ, ಅಂದರೆ 300 ಜನ ಮಾತ್ರ ಎಂದುಕೊಳ್ಳಿ. ಸುಳ್ಳು ಭರವಸೆಯ ಫೋನ್ ಕರೆ ಇಲ್ಲದೆ ತಾವಾಗಿ ಬಂದವರು ಸ್ವಲ್ಪ ಹೆಚ್ಚು ನಿಲ್ಲುತ್ತಾರೆ. 300, 255, 235, 225 ಎಂದರೆ 1.5225 ಕೋಟಿ. ಮೆಂಟರ್ 18 ಲಕ್ಷ, ಸಂಭಾವನೆ ಮತ್ತು ಚಿತ್ರೀಕರಣ ಎರಡೂ ಸೇರಿ 32 ಲಕ್ಷ, ಪರೀಕ್ಷೆ 12.7 ಲಕ್ಷ, ಕಚೇರಿ ಅದೇ 24 ಲಕ್ಷ, ಪ್ರಚಾರ ಮತ್ತು ಸಹಾಯವಾಣಿ 15 ಲಕ್ಷ, ಸರ್ವರ್ ಮತ್ತು ಪೋರ್ಟಲ್ 8 ಲಕ್ಷ. ಉಳಿದದ್ದು 42.5 ಲಕ್ಷ. ಅರ್ಧ ಮಕ್ಕಳು, ಒಂದೂವರೆ ಪಟ್ಟಿಗಿಂತ ಹೆಚ್ಚು ಉಳಿತಾಯ. ಎರಡನೇ ತಂಡಕ್ಕೆ ಆ ವಿಡಿಯೊಗಳು ವಿವಿಯ ಸ್ವತ್ತಾಗಿಯೇ ಇರುತ್ತವೆ. ಕಂಪನಿ ತೆಗೆದ ವಿಡಿಯೊದ ಹಕ್ಕು ಯಾರದ್ದು ಎಂದು ಕರಾರಿನಲ್ಲಿ ಹುಡುಕಿ ನೋಡಿ, ಬಹಳ ಸಲ ಆ ಜಾಗ ಖಾಲಿ ಇರುತ್ತದೆ.

ಇನ್ನೊಂದು ಸೂಕ್ಷ್ಮ. ಮೊದಲ ಸೆಮಿಸ್ಟರ್‌ನಲ್ಲಿ 251ನೇ ವಿದ್ಯಾರ್ಥಿ ಸೇರಿದ ಕೂಡಲೆ ಇನ್ನೈದು ಮೆಂಟರ್ ಬೇಕು, 3 ಲಕ್ಷ. ಪಾಲು, ತೆರಿಗೆ, ಪರೀಕ್ಷೆ ಖರ್ಚು ಕಳೆದರೆ ಒಬ್ಬ ವಿದ್ಯಾರ್ಥಿಯಿಂದ ವಿವಿಗೆ ಸಿಗುವುದು 4,900. ಅಂದರೆ 312ನೇ ಪ್ರವೇಶ ಆಗುವ ತನಕ ಬಂದವರೆಲ್ಲ ಆ ಐವರ ಸಂಭಾವನೆಗೇ ಸಮ. ಕಂಪನಿಗೆ ಈ ಮೆಟ್ಟಿಲೇ ಇಲ್ಲ. ಅದಕ್ಕೆ 251ನೆಯವನೂ 7,500, 252ನೆಯವನೂ 7,500. ತಿಂಗಳ ಕೊನೆಗೆ ಇನ್ನೂ ಹತ್ತು ಸೀಟು ತುಂಬಿಸೋಣ ಎಂಬ ಒತ್ತಡ ಎಲ್ಲಿಂದ ಹುಟ್ಟುತ್ತದೆ ಅಂತ ಇದರಲ್ಲೇ ಕಾಣುತ್ತದೆ.

ಮರುಪಾವತಿಯನ್ನೂ ಹೇಳಿಬಿಡುತ್ತೇನೆ. ಯುಜಿಸಿ ಪಟ್ಟಿಯಂತೆ ಪ್ರವೇಶದ ಕೊನೇ ದಿನಾಂಕದ ನಂತರ 15 ದಿನದೊಳಗೆ ಬಿಟ್ಟರೆ ಶೇ 80 ವಾಪಸ್, 30 ದಿನದೊಳಗಾದರೆ ಶೇ 50. ಹತ್ತನೇ ದಿನ ಬಿಟ್ಟವರಿಗೆ ವಿವಿ 12,000 ಹಿಂತಿರುಗಿಸಬೇಕು. ಅಷ್ಟರಲ್ಲಿ ಕಂಪನಿಗೆ ತೆರಿಗೆ ಸೇರಿ 8,850 ಸಂದಾಯವಾಗಿದ್ದರೆ, ಆ ಒಬ್ಬ ವಿದ್ಯಾರ್ಥಿಯ ಮೇಲೆ ವಿವಿ ತನ್ನ ಕೈಯಿಂದ 5,850 ಹಾಕಿದಂತಾಯಿತು. ಪಾಲನ್ನು 31ನೇ ದಿನದ ನಂತರ, ಮರುಪಾವತಿ ಕಳೆದ ಮೊತ್ತದ ಮೇಲೆ ಮಾತ್ರ ಕೊಡತಕ್ಕದ್ದು ಎಂದು ಬರೆಸಿ.

ಸರ್ವರ್_ರೂಮು

ಲೆಕ್ಕದ_ಪುಸ್ತಕ ಸರ್, ನಿಮ್ಮ 8 ಲಕ್ಷ ಸಾಲುತ್ತೆ, ಆದ್ರೆ ಸರಿಯಾಗಿ ಕಟ್ಟಿದ್ರೆ ಮಾತ್ರ. ಸ್ವಂತವಾಗಿ ಮಾಡೋರು ಸಾಮಾನ್ಯವಾಗಿ ಬೀಳೋ ಗುಂಡಿಗಳು ಇವು.

ಪೋರ್ಟಲ್‌ಗೆ ಮೂಡಲ್ ಅನ್ನೋ ಮುಕ್ತ ತಂತ್ರಾಂಶ ಹಾಕಿ, ಪರವಾನಗಿ ಖರ್ಚಿಲ್ಲ. ವಿಡಿಯೊ ಮಾತ್ರ ಅದೇ ಸರ್ವರ್‌ಗೆ ತುಂಬಬೇಡಿ, ಬೇರೆ ಸ್ಟೋರೇಜ್‌ನಲ್ಲಿಟ್ಟು ಎರಡು ಮೂರು ಗುಣಮಟ್ಟದಲ್ಲಿ ಬಿಡಿ. 480ಪಿ ಪಾಠ 500 ಕೆಬಿಪಿಎಸ್‌ನಲ್ಲಿ ಗಂಟೆಗೆ 225 ಎಂಬಿ ಆಗುತ್ತೆ. ಬರೀ ಧ್ವನಿ 64 ಕೆಬಿಪಿಎಸ್ ಆದ್ರೆ 29 ಎಂಬಿ. ವಾಣಿಜ್ಯದಲ್ಲಿ ಲೆಕ್ಕ ಬಿಡಿಸೋ ಪತ್ರಿಕೆಗೆ ಚಿತ್ರ ಬೇಕೇ ಬೇಕು, ವ್ಯವಹಾರ ಶಾಸನದಂಥವಕ್ಕೆ ಧ್ವನಿ, ಟಿಪ್ಪಣಿ ಸಾಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರೋ ಹುಡುಗ ಪಾಠ ಬಿಡೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಳೇ ದೂರಶಿಕ್ಷಣದ ಪಠ್ಯ ಇದೆ, ಅದನ್ನೇ ಏರಿಸೋಣ ಅಂತಾರೆ. ತೆರೆದು ನೋಡಿ: ಹಳೇ ನುಡಿ, ಶ್ರೀಲಿಪಿ ಆಸ್ಕಿ ಫಾಂಟಲ್ಲಿರುತ್ತೆ. ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿಸಿರುತ್ತೆ ಅಷ್ಟೆ. ಫೋನಲ್ಲಿ ತೆರೆದ್ರೆ ವೇಷ ಕಳಚುತ್ತೆ. ಹುಡುಕಿದ್ರೆ ಪದ ಸಿಗಲ್ಲ, ಕಣ್ಣು ಕಾಣದವರ ಓದುಗ ತಂತ್ರಾಂಶಕ್ಕೆ ಅರ್ಥ ಆಗಲ್ಲ. ಪರಿವರ್ತಕದಲ್ಲಿ ಹಾಕಿದ್ರೆ ಕನ್ನಡ ಯೂನಿಕೋಡ್ ಆಗುತ್ತೆ, ಅಂದ್ರೆ ಎಲ್ಲ ಸಾಧನದಲ್ಲೂ ಓದೋಕಾಗೋ ನಿಜವಾದ ಕನ್ನಡ ಅಕ್ಷರ, ಜೊತೆಗೆ ನಡುನಡುವೆ ಇಂಗ್ಲಿಷಲ್ಲಿದ್ದ ಪದಗಳೂ ಕನ್ನಡದ ಗೋಜಲಾಗುತ್ವೆ. ಎಂ.ಕಾಂ ಪಠ್ಯದಲ್ಲಿ ಇಂಗ್ಲಿಷ್ ಪದ ಇಲ್ಲದ ಪ್ಯಾರಾನೇ ಇಲ್ಲ. ಅರ್ಕಾವತ್ತು ಜಾಗ ತಪ್ಪುತ್ತೆ, ಆಯವ್ಯಯದ ಕೋಷ್ಟಕ ಕಾಲಂ ಜಾರುತ್ತೆ. ಪತ್ರಿಕೆಗೊಬ್ಬ ಕರಡು ತಿದ್ದುವವರಿಗೆ ಹಣ ಇಡಿ, ಅದು ಯಾವ ಅಂದಾಜಿನಲ್ಲೂ ಇರಲ್ಲ.

ಪರೀಕ್ಷೆ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಬರೆಯೋರಿಗೆ ಮೂರು ಗಂಟೆಯಲ್ಲಿ ಟೈಪ್ ಮಾಡಿ ಮುಗಿಸಿ ಅನ್ನೋದು ಅನ್ಯಾಯ. ಅವರು ಕೈಯಲ್ಲಿ ಬರೆದು ಫೋಟೊ ಏರಿಸ್ತಾರೆ. ಒಂದು ಫೋಟೊ 4 ಎಂಬಿ, 20 ಪುಟಕ್ಕೆ 80 ಎಂಬಿ. ಮೂಡಲ್ ನಡೆಯೋದು ಪಿಎಚ್‌ಪಿ ಭಾಷೆಯ ಮೇಲೆ, ಅದರಲ್ಲಿ ತಾನಾಗಿ ಇರೋ ಮಿತಿ ಫೈಲಿಗೆ 2 ಎಂಬಿ, ಒಟ್ಟು 8 ಎಂಬಿ. ಅದನ್ನ ಬದಲಿಸದೆ ಪರೀಕ್ಷೆ ಶುರು ಮಾಡಿದ್ರೆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಉತ್ತರಪತ್ರಿಕೆ ಒಟ್ಟಿಗೆ ತಿರಸ್ಕೃತ. ಮಿತಿ 20 ಎಂಬಿಗೆ ಏರಿಸಿ. ಕಪ್ಪು-ಬಿಳುಪು ಸ್ಕ್ಯಾನ್, ಪುಟಕ್ಕೆ 150 ಕೆಬಿ ಅಂತ ಹೇಳಿಕೊಡಿ, 20 ಪುಟ 3 ಎಂಬಿಗೆ ಇಳಿಯುತ್ತೆ. ಏರಿಸೋದಕ್ಕೆ ಅಂತಲೇ 30 ನಿಮಿಷ ಹೆಚ್ಚುವರಿ ಕೊಡಿ. ಒಂದು ಅಣಕು ಪರೀಕ್ಷೆ ಕಡ್ಡಾಯ, ಅದೂ ಪರೀಕ್ಷೆ ನಡೆಯೋ ಹೊತ್ತಲ್ಲೇ, ಊರಿನ ಕರೆಂಟು ಹೋಗೋ ಸಮಯ ಆಗ ಗೊತ್ತಾಗುತ್ತೆ.

ಬಹುಆಯ್ಕೆ ಭಾಗಕ್ಕೆ ಮೂಡಲ್ ಕ್ವಿಜ್ ತಾನಾಗಿ ನಿಮಿಷಕ್ಕೊಮ್ಮೆ ಉತ್ತರ ಉಳಿಸುತ್ತೆ. 600 ಜನ ಒಟ್ಟಿಗೆ ಕೂತಾಗ ಡೇಟಾಬೇಸ್ ಉಸಿರುಗಟ್ಟೋದು ಅಲ್ಲೇ. ಲಾಗಿನ್ ಆದವರ ಸೆಷನ್‌ಗಳನ್ನ ರೆಡಿಸ್ ಅನ್ನೋ ವೇಗದ ಮೆಮೊರಿ ಸಂಗ್ರಹಕ್ಕೆ ಹಾಕಿ, ತಂಡಗಳನ್ನ ಹತ್ತು ನಿಮಿಷ ಅಂತರದಲ್ಲಿ ಬಿಡಿ.

ಕಡತದ_ಕಟ್ಟು

ತುಂಬ ಉಪಯೋಗವಾಯಿತು. ಕರಡು ನೋಡಿದೆ: "ತೆರಿಗೆ ಪ್ರತ್ಯೇಕ" ಎಂದೇ ಇದೆ. ವಿಡಿಯೊ ಹಕ್ಕಿನ ಸಾಲಿಲ್ಲ. ಪಿಂಚಣಿಯ ಸಾಲಿನ ಬಗ್ಗೆ ಯಾರಾದರೂ ಹೇಳಿ.

ಹಳೇ_ಸಿಂಡಿಕೇಟ್

ಪಿಂಚಣಿಯ ಸಾಲು ಹೊಡೆದುಹಾಕಿ, ಅದು ಬರೀ ಸುಳ್ಳಲ್ಲ, ಅಪಾಯಕಾರಿ.

ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಪ್ರೊಫೆಸರ್‌ ಒಬ್ಬರ ಆರಂಭಿಕ ಮೂಲವೇತನ 1,44,200. ವರ್ಷಕ್ಕೆ 17.3 ಲಕ್ಷ, ತುಟ್ಟಿಭತ್ಯೆ ಬೇರೆ. ಮೇಲಿನ ಲೆಕ್ಕದಲ್ಲಿ ಕಂಪನಿ ಮಾದರಿಯಿಂದ ವರ್ಷಕ್ಕೆ 12.8 ಲಕ್ಷ, ಸ್ವಂತ ಮಾದರಿಯಿಂದ 21 ಲಕ್ಷ. ಮೊದಲನೆಯದು ಒಬ್ಬ ಪ್ರೊಫೆಸರ್‌ರ ಮೂಲವೇತನಕ್ಕೂ ಸಾಲದು. ಎರಡನೆಯದು ತುಟ್ಟಿಭತ್ಯೆ ಸೇರಿಸಿದರೆ ಸಾಲದು. ನೂರಾರು ನಿವೃತ್ತರ ಪಿಂಚಣಿಯ ಮಾತೆಲ್ಲಿ?

ಕೊರತೆ ಹುಟ್ಟಿದ್ದೇ ಬೇರೆ ಕಡೆ. ಸರ್ಕಾರದ ವೇತನಾನುದಾನ ಭರ್ತಿಯಾದ ಹುದ್ದೆಗೆ. ಖಾಲಿ ಹುದ್ದೆಯ ಕೆಲಸ ಅತಿಥಿ ಉಪನ್ಯಾಸಕರು ಮಾಡುತ್ತಾರೆ, ಅವರ ಸಂಬಳ ವಿವಿಯ ಆಂತರಿಕ ಸಂಪನ್ಮೂಲದಿಂದ. ಆ ಸಂಪನ್ಮೂಲದ ಬೆನ್ನೆಲುಬು ಸಂಯೋಜಿತ ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ. ಬೆಂಗಳೂರು ವಿವಿ ಮೂರು ಹೋಳಾದಾಗ, ಆಮೇಲೆ 2022ರ ತಿದ್ದುಪಡಿಯಿಂದ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್‌ಗೆ ಒಂದೊಂದು ವಿವಿ ಬಂದಾಗ ಹಳೇ ವಿವಿಗಳ ಕಾಲೇಜು ಹೋದವು, ನಿವೃತ್ತರ ಪಿಂಚಣಿ ಹಳೇ ಮನೆಯಲ್ಲೇ ಉಳಿಯಿತು. ಹೊಸವಕ್ಕೆ ಹಣವೂ ಬರಲಿಲ್ಲ. 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದಲೇ ಬಂತು. ಈ ಗಾಯಕ್ಕೆ ಆನ್‌ಲೈನ್ ಎಂ.ಕಾಂ ಪಟ್ಟಿ ಕಟ್ಟುವುದು ಆಗದ ಮಾತು.

ಅಪಾಯ ಎಂದದ್ದು ಇದಕ್ಕೆ: ವಿವಿಯೇ ತನ್ನ ಟಿಪ್ಪಣಿಯಲ್ಲಿ ಕೊರತೆ ನೀಗಿಸಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ, ಮುಂದಿನ ಸಲ ಅನುದಾನದ ಕಡತ ಹೋದಾಗ ಆರ್ಥಿಕ ಇಲಾಖೆ ಅದೇ ಸಾಲನ್ನು ಉದ್ಧರಿಸಿ ಹಿಂದಕ್ಕೆ ಕಳಿಸುತ್ತದೆ. ಕೇಂದ್ರದ ಆನ್‌ಲೈನ್ ಕಲಿಕಾ ವೇದಿಕೆ 'ಸ್ವಯಂ'ನ ಕೋರ್ಸ್‌ಗಳಿಂದ ಸೆಮಿಸ್ಟರ್‌ನ ಶೇ 40 ಕ್ರೆಡಿಟ್ ತನಕ ತೆಗೆದುಕೊಳ್ಳಬಹುದೆಂದು 2021ರಲ್ಲಿ ನಿಯಮವಾಯಿತಲ್ಲ, ಅಲ್ಲೂ ಇದೇ ಜಾಗ್ರತೆ ಬೇಕು. ಅಧ್ಯಾಪಕರಿಲ್ಲದ ಐಚ್ಛಿಕ ಪತ್ರಿಕೆಗೆ ಅದು ಒಳ್ಳೆಯದೇ. ಆದರೆ ಸಹಾಯಕ ಪ್ರಾಧ್ಯಾಪಕರ ಕಾರ್ಯಭಾರ ವಾರಕ್ಕೆ 16 ಗಂಟೆ. ಕಡ್ಡಾಯ ಪತ್ರಿಕೆಗಳನ್ನೂ ಅಲ್ಲಿಗೆ ತಳ್ಳಿದರೆ ವಿಭಾಗದ ಕಾರ್ಯಭಾರ ಕಾಗದದ ಮೇಲೆ ಕುಗ್ಗುತ್ತದೆ, ಹುದ್ದೆ ಕೇಳಲು ಆಧಾರವೇ ಹೋಗುತ್ತದೆ.

ಕಂಪನಿ ಭದ್ರ ಎಂಬ ನಂಬಿಕೆಯೂ ಬೇಡ. ಅಮೆರಿಕದಲ್ಲಿ ಶುಲ್ಕದ ಪಾಲಿನ ಮೇಲೆ ಬೆಳೆದ ಟೂಯು ಕಂಪನಿ 2021ರಲ್ಲಿ ಹಾರ್ವರ್ಡ್, ಎಂಐಟಿಗಳಿಂದ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯನ್ನು 80 ಕೋಟಿ ಡಾಲರ್‌ಗೆ ಕೊಂಡಿತ್ತು, 2024ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಪೋರ್ಟಲ್ ಅವರದ್ದು, ಅಂಕ, ಹಾಜರಾತಿ ಅವರ ಸರ್ವರ್‌ನಲ್ಲಿ ಎಂದಾದರೆ ಅಂಥ ದಿನ ಏನು ಮಾಡುತ್ತೀರಿ? ವಾರಕ್ಕೊಮ್ಮೆ ಪೂರ್ತಿ ದತ್ತಾಂಶದ ಪ್ರತಿ ವಿವಿ ಸರ್ವರ್‌ಗೆ ಬರಬೇಕು ಎಂಬ ಷರತ್ತು ಹಾಕಿ.

ಲೆಕ್ಕದ_ಪುಸ್ತಕ

ಹಳೇ_ಸಿಂಡಿಕೇಟ್ ಅವರ ಮಾತಿಗೆ ಒಂದೇ ತಿದ್ದುಪಡಿ: ಆನ್‌ಲೈನ್ ಬೇಡ ಎಂದಲ್ಲ, ಆ ಹಣ ಬೇರೆ ಖಾತೆಯಲ್ಲಿರಲಿ. ಸಾಮಾನ್ಯ ನಿಧಿಗೆ ಬೆರೆತರೆ ಮೊದಲ ತಿಂಗಳೇ ಸಂಬಳಕ್ಕೆ ಕರಗುತ್ತದೆ, ಮೂರನೇ ಸೆಮಿಸ್ಟರ್‌ಗೆ ಮೆಂಟರ್ ಸಂಭಾವನೆ ಬಾಕಿ ಬೀಳುತ್ತದೆ, ವಿದ್ಯಾರ್ಥಿ ಬಿಡುತ್ತಾನೆ. ಶುಲ್ಕ ಮುಂಗಡ ಬಂದಿರುತ್ತದೆ, ಸೇವೆ ಎರಡು ವರ್ಷ ಕೊಡಬೇಕು.

ಟಿಪ್ಪಣಿಯ ಕೊನೆಯ ಸಾಲಿಗೆ ಬದಲು ಇದನ್ನು ಹಾಕಿ: "ಈ ಕಾರ್ಯಕ್ರಮದ ಆದಾಯವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ತಂಡವು ಪದವಿ ಪೂರೈಸುವವರೆಗಿನ ಬೋಧನೆ ಮತ್ತು ಪರೀಕ್ಷಾ ವೆಚ್ಚಕ್ಕೆ ಮೊದಲು ವಿನಿಯೋಗಿಸತಕ್ಕದ್ದು, ಉಳಿಕೆಯನ್ನು ಪಠ್ಯ ಪರಿಷ್ಕರಣೆ ಮತ್ತು ಪ್ರಯೋಗಾಲಯಕ್ಕೆ ಬಳಸತಕ್ಕದ್ದು. ಮಂಜೂರಾದ ಹುದ್ದೆಗಳ ವೇತನ ಮತ್ತು ಪಿಂಚಣಿ ಅನುದಾನದ ಬೇಡಿಕೆಯ ಮೇಲೆ ಇದು ಯಾವ ಪರಿಣಾಮವನ್ನೂ ಬೀರತಕ್ಕದ್ದಲ್ಲ."

ಸರ್ವರ್_ರೂಮು

"ಪಠ್ಯ ಪರಿಷ್ಕರಣೆ" ಅನ್ನೋದರ ಪಕ್ಕ "ಯೂನಿಕೋಡ್ ಕರಡು ತಿದ್ದುವಿಕೆ ಸೇರಿ" ಅಂತ ಹಾಕಿಸಿ ಸರ್. ಇಲ್ಲಾಂದ್ರೆ ಬಿಲ್ ಪಾಸ್ ಆಗಲ್ಲ.